ಯಂತ್ರಗಳ ನಡುವಣ ಒಡಂಬಡಿಕೆ

ದಾಂಡೇಲಿಯ ಕಾಗದದ ಮೇಲೆ ಯಾವ ಲಿಪಿಯನ್ನಾದರೂ ಬರೆಯಬಹುದು. ೧೯೫೫ರಲ್ಲಿ ಸ್ಥಾಪಿತವಾದ ಅಲ್ಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಾರ್ಖಾನೆಯ ಹಾಳೆಗೆ, ತನ್ನ ಮೇಲೆ ಮೂಡುವ ಅಕ್ಷರ ಕನ್ನಡದ್ದೋ ಮರಾಠಿಯದ್ದೋ ಎಂಬ ಗೊಡವೆಯಿಲ್ಲ. ಹಳಿಯಾಳದಲ್ಲಿ ಬರೆದುದನ್ನು ಜೋಯಿಡಾದಲ್ಲಿ ಓದಲು ಬೇರೆ ಸಲಕರಣೆಯೂ ಬೇಕಿಲ್ಲ. ಕಣ್ಣಿದ್ದು, ಬೆಳಕಿದ್ದು, ಓದು ಬಲ್ಲವರಾದರೆ ಸಾಕು. ಆದರೆ ಅದೇ ಬರಹವನ್ನು ಗಣಕಯಂತ್ರದಲ್ಲಿ ಟೈಪು ಮಾಡಿ, ಅದರ ಕಡತವನ್ನು ಮೊಬೈಲಿಗೆ ಕಳುಹಿಸಿದರೆ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಿಸಿಕೊಳ್ಳುವುದುಂಟು. ಗಣಕದಲ್ಲಿ ಸೊಗಸಾಗಿ ನಡೆಯುವ ತಂತ್ರಾಂಶವು ಮೊಬೈಲಿನಲ್ಲಿ ತೆರೆದುಕೊಳ್ಳುವುದೇ ಇಲ್ಲ. ಯಂತ್ರಗಳು ಕೆಟ್ಟಿರುವುದಿಲ್ಲ, ಎರಡೂ ತಮ್ಮ ತಮ್ಮ ನಿಯಮದಂತೆ ಸರಿಯಾಗಿಯೇ ನಡೆಯುತ್ತಿರುತ್ತವೆ. ಹಾಗಾದರೆ ದೋಷವೆಲ್ಲಿದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಪದರಗಳ ಮೇಲೆ ನಿಂತ ತಂತ್ರಾಂಶ

ಅಳ್ನಾವರದಿಂದ ದಾಂಡೇಲಿಯ ಕಡೆಗೆ ಬರುವ ರೈಲುಮಾರ್ಗವು ಹಿಂದೆ ಮೀಟರ್ ಗೇಜಿನದಾಗಿತ್ತು. ಅನಂತರ ಬ್ರಾಡ್ ಗೇಜಿಗೆ ಮಾರ್ಪಟ್ಟಿತು. ಮೀಟರ್ ಗೇಜಿನಲ್ಲಿ ಹಳಿಗಳ ನಡುವಣ ಅಂತರ ೧,೦೦೦ ಮಿಲಿಮೀಟರು. ಬ್ರಾಡ್ ಗೇಜಿನಲ್ಲಿ ೧,೬೭೬ ಮಿಲಿಮೀಟರು. ಒಂದರ ಬೋಗಿ ಇನ್ನೊಂದರ ಮೇಲೆ ಓಡಲಾರದು. ಬೋಗಿ ಎಷ್ಟೇ ಗಟ್ಟಿಯಾಗಿರಲಿ, ಹಳಿಯ ಅಳತೆಗೆ ಚಕ್ರದ ಅಳತೆ ಕೂಡಿಬರಬೇಕು. ತಂತ್ರಾಂಶದ ಸಂಗತಿಯೂ ಇಂತಹುದೇ. ಆದರೆ ರೈಲಿಗೆ ಕೂಡಿಬರಬೇಕಾದ ಅಳತೆ ಒಂದಾದರೆ, ತಂತ್ರಾಂಶಕ್ಕೆ ಹಲವು.

ಎಲ್ಲಕ್ಕಿಂತ ಕೆಳಗೆ ಇರುವುದು ಸಂಸ್ಕಾರಕ, ಎಂದರೆ ಪ್ರೊಸೆಸರ್. ಅದು ಕೆಲವು ನಿರ್ದಿಷ್ಟ ಆದೇಶಗಳನ್ನು ಮಾತ್ರ ಬಲ್ಲದು. ಮೇಜಿನ ಗಣಕಗಳಲ್ಲಿ ಬಹುಕಾಲ ಮೆರೆದದ್ದು ೧೯೭೮ರ ಇಂಟೆಲ್ ೮೦೮೬ರಿಂದ ಬೆಳೆದುಬಂದ ಆದೇಶಗಳ ವಂಶ. ಮೊಬೈಲುಗಳಲ್ಲಿ ಹೆಚ್ಚಾಗಿ ಇರುವುದು, ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಆರ್ಮ್ ಎಂಬ ಬೇರೊಂದು ವಂಶ. ಒಂದರ ಆದೇಶ ಇನ್ನೊಂದಕ್ಕೆ ನೇರವಾಗಿ ತಿಳಿಯದು. ಅದರ ಮೇಲಿನ ಪದರ ಕಾರ್ಯಾಚರಣಾ ವ್ಯವಸ್ಥೆ: ವಿಂಡೋಸ್, ಆಂಡ್ರಾಯ್ಡ್ ಮುಂತಾದವು. ಪರದೆಯ ಮೇಲೆ ಚಿತ್ರ ಬರೆಯುವುದು, ಕಡತವನ್ನು ತೆರೆಯುವುದು, ಬೆರಳಿನ ಸ್ಪರ್ಶವನ್ನು ಗುರುತಿಸುವುದು, ಇವನ್ನೆಲ್ಲ ತಂತ್ರಾಂಶವು ತಾನೇ ಮಾಡುವುದಿಲ್ಲ. ಕಾರ್ಯಾಚರಣಾ ವ್ಯವಸ್ಥೆಯನ್ನು ಕೇಳಿ ಮಾಡಿಸಿಕೊಳ್ಳುತ್ತದೆ. ಕೇಳುವ ಕ್ರಮ ಒಂದೊಂದರಲ್ಲಿ ಒಂದೊಂದು ಬಗೆ. ಅದಕ್ಕೂ ಮೇಲಿನದು ಮಾಹಿತಿಯ ಸಂಕೇತ: ಯಾವ ಸಂಖ್ಯೆ ಯಾವ ಅಕ್ಷರವನ್ನು ಸೂಚಿಸುತ್ತದೆ ಎಂಬ ಒಪ್ಪಂದ. ಈ ಮೂರು ಪದರಗಳಲ್ಲಿ ಒಂದು ಕೂಡಿಬರದಿದ್ದರೂ ಕೆಲಸ ಕೆಡುತ್ತದೆ.

ಹೆಸರೊಂದೇ, ವ್ಯವಸ್ಥೆ ಹಲವು

ವಿಂಡೋಸ್ ಎಂಬ ಹೆಸರನ್ನು ಹೊತ್ತ ಎಲ್ಲವೂ ಒಂದೇ ಎಂದು ಭಾವಿಸುವುದು ಸಹಜ. ಇತಿಹಾಸವನ್ನು ನೋಡಿದರೆ ಹಾಗಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು ೧೯೮೫ರಲ್ಲಿ ಮೊದಲ ವಿಂಡೋಸನ್ನು ಹೊರತಂದಿತು. ಅಂಗೈಯಲ್ಲಿ ಹಿಡಿಯುವ ಸಣ್ಣ ಯಂತ್ರಗಳಿಗಾಗಿ ೧೯೯೬ರಲ್ಲಿ ಬಂದ ವಿಂಡೋಸ್ ಸಿಇ ಬೇರೆಯೇ ತಿರುಳನ್ನುಳ್ಳ ವ್ಯವಸ್ಥೆಯಾಗಿತ್ತು. ೨೦೧೦ರಲ್ಲಿ ವಿಂಡೋಸ್ ಫೋನ್ ೭ ಬಂದಾಗ, ಅದಕ್ಕೆ ಮುಂಚಿನ ವಿಂಡೋಸ್ ಮೊಬೈಲಿಗಾಗಿ ಬರೆದ ತಂತ್ರಾಂಶಗಳು ಅದರಲ್ಲಿ ನಡೆಯಲಿಲ್ಲ. ೨೦೧೨ರಲ್ಲಿ ವಿಂಡೋಸ್ ಫೋನ್ ೮ ಬಂದಿತು. ಅದರ ತಿರುಳು ಮೇಜಿನ ಗಣಕದ ವಿಂಡೋಸಿನದೇ ಆದರೂ, ಆವೃತ್ತಿ ೭ರ ಫೋನನ್ನು ಕೊಂಡವರು ಅದನ್ನು ೮ಕ್ಕೆ ಏರಿಸಿಕೊಳ್ಳುವಂತಿರಲಿಲ್ಲ. ಅದೇ ವರ್ಷ ಆರ್ಮ್ ಸಂಸ್ಕಾರಕದ ಮೇಲೆ ನಡೆಯುವ ವಿಂಡೋಸ್ ಆರ್‌ಟಿ ಎಂಬುದೂ ಹುಟ್ಟಿತು. ನೋಟಕ್ಕೆ ಅದು ವಿಂಡೋಸ್ ೮ರ ಅವಳಿಯಂತಿದ್ದರೂ, ಮೇಜಿನ ಗಣಕಕ್ಕಾಗಿ ಬರೆದ ಸಾವಿರಾರು ತಂತ್ರಾಂಶಗಳಲ್ಲಿ ಒಂದನ್ನೂ ಅದರಲ್ಲಿ ಸ್ಥಾಪಿಸಿಕೊಳ್ಳಲು ಬಳಕೆದಾರನಿಗೆ ಅವಕಾಶವಿರಲಿಲ್ಲ.

೨೦೧೫ರಲ್ಲಿ ವಿಂಡೋಸ್ ೧೦ರೊಡನೆ ‘ಸಾರ್ವತ್ರಿಕ ವೇದಿಕೆ’ಯೊಂದು ಬಂದಿತು. ಒಮ್ಮೆ ಬರೆದ ತಂತ್ರಾಂಶ ಮೇಜಿನ ಗಣಕದಲ್ಲಿಯೂ ಮೊಬೈಲಿನಲ್ಲಿಯೂ ನಡೆಯಬೇಕೆಂಬುದು ಅದರ ಗುರಿ. ಆದರೆ ಅಷ್ಟರಲ್ಲಿ ಜನರ ಕೈಯಲ್ಲಿದ್ದ ಮೊಬೈಲುಗಳು ಆಂಡ್ರಾಯ್ಡ್ ಮತ್ತು ಐಫೋನುಗಳಾಗಿದ್ದವು. ವಿಂಡೋಸ್ ೧೦ ಮೊಬೈಲಿಗೆ ದೊರೆಯುತ್ತಿದ್ದ ಬೆಂಬಲ ೨೦೨೦ರ ಆರಂಭದಲ್ಲಿ ಕೊನೆಗೊಂಡಿತು. ಹತ್ತು ವರ್ಷಗಳ ಅವಧಿಯಲ್ಲಿ ಒಂದೇ ಕೆಲಸಕ್ಕಾಗಿ ಮೂರು ನಾಲ್ಕು ಬಾರಿ ತಂತ್ರಾಂಶವನ್ನು ಹೊಸದಾಗಿ ಬರೆಯಬೇಕಾದವನ ಶ್ರಮವನ್ನು ವಾಚಕರು ಊಹಿಸಬಹುದು.

ಹಾಗೆ ಬರೆಯುವಾಗ ಎದುರಾಗುವ ತೊಡಕುಗಳು ಸಣ್ಣವೆಂದು ತೋರಿದರೂ ಕಾಡುವಂತಹವು. ಮೌಸಿನ ಬಾಣವನ್ನು ಗುಂಡಿಯ ಮೇಲೆ ಸುಮ್ಮನೆ ನಿಲ್ಲಿಸಿದರೆ ವಿವರಣೆ ತೋರಿಸುವ ಸೌಕರ್ಯ ಮೇಜಿನ ಗಣಕದಲ್ಲಿದೆ. ಬೆರಳಿಗೆ ಅಂತಹ ‘ನಿಲ್ಲುವ’ ಸ್ಥಿತಿಯಿಲ್ಲ, ಮುಟ್ಟಿದರೆ ಒತ್ತಿದಂತೆಯೇ. ವಿಂಡೋಸಿನಲ್ಲಿ ಕಡತದ ಹೆಸರಿನ ರೋಮನ್ ಅಕ್ಷರ ದೊಡ್ಡದಿರಲಿ ಸಣ್ಣದಿರಲಿ, ಸಾಮಾನ್ಯವಾಗಿ ಎರಡೂ ಒಂದೇ ಎಂದು ಗಣನೆ. ಲಿನಕ್ಸ್ ತಿರುಳಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಅವು ಬೇರೆ ಬೇರೆ. ಹಳಿಯಾಳದ ಕೋಟೆಯ ಚಿತ್ರಕ್ಕೆ ರೋಮನ್ ಲಿಪಿಯಲ್ಲಿ ದೊಡ್ಡಕ್ಷರದಿಂದ ಆರಂಭವಾಗುವ ಹೆಸರಿಟ್ಟು, ತಂತ್ರಾಂಶದೊಳಗೆ ಅದನ್ನು ಸಣ್ಣಕ್ಷರದಿಂದ ಕರೆದರೆ, ವಿಂಡೋಸಿನಲ್ಲಿ ಚಿತ್ರ ಮೂಡುತ್ತದೆ. ಇನ್ನೊಂದೆಡೆ ಆ ಜಾಗ ಬರಿದಾಗಿರುತ್ತದೆ.

ಎಂಬತ್ತು ಎಂದರೆ ಏನು?

ಇನ್ನು ಕನ್ನಡದ ಅಕ್ಷರಗಳ ವಿಷಯಕ್ಕೆ ಬರೋಣ. ನಮ್ಮ ಮಟ್ಟಿಗೆ ಅತ್ಯಂತ ಹೆಚ್ಚಿನ ನಷ್ಟ ಸಂಭವಿಸಿರುವುದು ಈ ಪದರದಲ್ಲಿಯೇ.

ಗಣಕಯಂತ್ರವು ಅಕ್ಷರವನ್ನು ಅರಿಯದು. ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಹಳೆಯ ವಿಂಡೋಸಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟು, ಎಂದರೆ ಹೆಚ್ಚೆಂದರೆ ೨೫೬ ಸ್ಥಾನಗಳು. ಅವೆಲ್ಲ ರೋಮನ್ ಲಿಪಿಗೂ ಯೂರೋಪಿನ ಕೆಲವು ಚಿಹ್ನೆಗಳಿಗೂ ಮೀಸಲಾಗಿದ್ದವು. ಕನ್ನಡಕ್ಕೆ ಸ್ಥಳವಿರಲಿಲ್ಲ. ಇಂತಹ ಕಾಲದಲ್ಲಿ ನಮ್ಮವರು ಒಂದು ಜಾಣತನದ ಉಪಾಯವನ್ನು ಹೂಡಿದರು. ಸಂಖ್ಯೆಗಳು ರೋಮನ್ ಅಕ್ಷರಗಳವೇ ಇರಲಿ. ಆದರೆ ಅಕ್ಷರದ ಆಕಾರವನ್ನು ಕೊಡುವ ಫಾಂಟಿನಲ್ಲಿ ರೋಮನ್ ಅಕ್ಷರದ ಬದಲು ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸೋಣ ಎಂಬುದೇ ಆ ಉಪಾಯ. ಕನ್ನಡ ಗಣಕ ಪರಿಷತ್ತು ರೂಪಿಸಿದ, ಕರ್ನಾಟಕ ಸರ್ಕಾರದ ಕಚೇರಿಗಳಲ್ಲಿ ಬಳಕೆಗೆ ಬಂದ ‘ನುಡಿ’ ಮತ್ತು ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ಈ ಮಾರ್ಗದಿಂದಲೇ ಕನ್ನಡಕ್ಕೆ ಮಹದುಪಕಾರ ಮಾಡಿದವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ಬೆರಳಚ್ಚೂ ಸುಲಭವಾಯಿತು. ಶ್ರೀಲಿಪಿ ಮೊದಲಾದ ಇತರ ತಂತ್ರಾಂಶಗಳು ತಮ್ಮ ತಮ್ಮದೇ ಸಂಕೇತಗಳನ್ನು ಇಟ್ಟುಕೊಂಡಿದ್ದವು.

‘ಕನ್ನಡ’ ಎಂಬ ಮೂರಕ್ಷರದ ಪದವನ್ನೇ ತೆಗೆದುಕೊಳ್ಳೋಣ. ನುಡಿಯ ಹಳೆಯ ಸಂಕೇತದಲ್ಲಿ ಅದು ಏಳು ಸಂಖ್ಯೆಗಳ ಸಾಲು: ೮೦, ೧೯೨, ೧೬೩, ೧೯೨, ೨೨೩, ೧೧೩, ೧೯೨. ಇಲ್ಲಿ ೮೦ ಎಂಬುದು ‘ಕ’ದ ಒಡಲು, ೧೯೨ ತಲೆಕಟ್ಟು, ೧೬೩ ‘ನ’ದ ಒಡಲು, ೨೨೩ ನಕಾರದ ಒತ್ತು, ೧೧೩ ‘ಡ’ದ ಒಡಲು. ನುಡಿಯ ಫಾಂಟು ಇರುವ ಗಣಕದಲ್ಲಿ ಇವು ಕೂಡಿ ‘ಕನ್ನಡ’ವಾಗುತ್ತವೆ. ಆ ಫಾಂಟು ಇಲ್ಲದ ಮೊಬೈಲು ಈ ಸಂಖ್ಯೆಗಳನ್ನು ತಾನು ಕಲಿತಂತೆ ಓದುತ್ತದೆ. ಅದರ ಲೆಕ್ಕದಲ್ಲಿ ೮೦ ಎಂದರೆ ರೋಮನ್ನಿನ ದೊಡ್ಡಕ್ಷರ ‘ಪಿ’. ೧೯೨ ಎಂದರೆ ತಲೆಯ ಮೇಲೆ ಓರೆಗೆರೆಯುಳ್ಳ ‘ಎ’. ೧೬೩ ಎಂದರೆ ಪೌಂಡ್ ನಾಣ್ಯದ ಚಿಹ್ನೆ. ೨೨೩ ಎಂದರೆ ಜರ್ಮನ್ ಭಾಷೆಯ ಒಂದು ವಿಶಿಷ್ಟಾಕ್ಷರ. ಕನ್ನಡದ ನಕಾರವು ಬ್ರಿಟನ್ನಿನ ನಾಣ್ಯವಾದುದರ ಗುಟ್ಟು ಇಷ್ಟೇ.

ಇದಕ್ಕೆ ಪರಿಹಾರವಾಗಿ ಬಂದುದು ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಸಂಖ್ಯೆಗಳನ್ನು ಕೊಡುವುದು ಇದರ ತತ್ತ್ವ. ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ವಿಭಾಗ ದೊರೆಯಿತು. ಅದರಂತೆ ‘ಕನ್ನಡ’ ಎಂಬುದು ಐದು ಸಂಖ್ಯೆಗಳು: ೩೨೨೧, ೩೨೪೦, ೩೨೭೭, ೩೨೪೦, ೩೨೩೩. ಎಂದರೆ ಕ, ನ, ವಿರಾಮ, ನ, ಡ. ಇಲ್ಲಿ ತಲೆಕಟ್ಟಿಗಾಗಲಿ ಒತ್ತಿನ ಆಕಾರಕ್ಕಾಗಲಿ ಸಂಖ್ಯೆಯಿಲ್ಲ. ನಾವು ಉಚ್ಚರಿಸುವ ಧ್ವನಿಯ ಕ್ರಮವನ್ನಷ್ಟೇ ಬರೆದಿಡುತ್ತೇವೆ. ಒತ್ತು ಎಲ್ಲಿ ಕೂರಬೇಕೆಂಬುದನ್ನು ಕಾರ್ಯಾಚರಣಾ ವ್ಯವಸ್ಥೆಯೇ ಲೆಕ್ಕಹಾಕಿ ಚಿತ್ರಿಸಬೇಕು. ೨೦೦೧ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಫಾಂಟಿನೊಡನೆ ಈ ವಿದ್ಯೆಯನ್ನು ಕಲಿತು ಬಂದಿತು. ಆಂಡ್ರಾಯ್ಡ್ ೨೦೧೨ರ ೪.೧ ಆವೃತ್ತಿಯಲ್ಲಿ ಕನ್ನಡಕ್ಕೆ ಬೆಂಬಲವನ್ನು ಪ್ರಕಟಿಸಿತು. ಈ ಎರಡು ವರ್ಷಗಳ ನಡುವಣ ಅಂತರವನ್ನು ಗಮನಿಸಿರಿ. ಒಪ್ಪಂದವಾದ ಮಾತ್ರಕ್ಕೆ ಎಲ್ಲ ಯಂತ್ರಗಳೂ ಒಂದೇ ದಿನ ಅದನ್ನು ಪಾಲಿಸುವುದಿಲ್ಲ.

ಒಂದೇ ಊರಿಗೆ ಎರಡು ಕಾಗುಣಿತ

ಯೂನಿಕೋಡ್ ಬಂದ ಮೇಲೆಯೂ ತೊಡಕುಗಳು ಪೂರ್ಣವಾಗಿ ಅಳಿಯಲಿಲ್ಲ. ‘ಜೋಯಿಡಾ’ ಎಂಬ ಊರಿನ ಹೆಸರನ್ನು ನೋಡಿರಿ. ಮೊದಲಕ್ಷರದ ಓತ್ವವನ್ನು ಒಂದೇ ಸಂಖ್ಯೆಯಿಂದ ಬರೆಯಬಹುದು. ಅಥವಾ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘಚಿಹ್ನೆ ಎಂಬ ಮೂರು ತುಂಡುಗಳನ್ನು ಕೂಡಿಸಿಯೂ ಬರೆಯಬಹುದು. ಹೀಗೆ ‘ಜೋ’ ಎಂಬುದು ಒಮ್ಮೆ ಎರಡು ಸಂಖ್ಯೆಗಳು, ಇನ್ನೊಮ್ಮೆ ನಾಲ್ಕು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣಬೇಕು, ಕಾಣುತ್ತವೆ. ಆದರೆ ಸಂಖ್ಯೆಗಳನ್ನು ಮಾತ್ರ ಹೋಲಿಸುವ ತಂತ್ರಾಂಶಕ್ಕೆ ಇವು ಎರಡು ಬೇರೆ ಬೇರೆ ಊರುಗಳು! ದಾಂಡೇಲಿಯ ಏತ್ವಕ್ಕೂ ಇದೇ ಇಬ್ಬಗೆ ಉಂಟು. ಇವನ್ನು ಹೋಲಿಸುವ ಮುನ್ನ ಒಂದೇ ರೂಪಕ್ಕೆ ತರುವ ವಿಧಾನವನ್ನು ಯೂನಿಕೋಡ್ ನಿಯಮವೇ ಹೇಳಿಕೊಟ್ಟಿದೆ. ಅದನ್ನು ಅನುಸರಿಸದ ತಂತ್ರಾಂಶದಲ್ಲಿ ಹೆಸರು ಪಟ್ಟಿಯಲ್ಲಿದ್ದರೂ ಹುಡುಕಿದಾಗ ಸಿಕ್ಕುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳಿಗಾಗಿ ಒಂದು ತಂತ್ರಾಂಶ ಬರೆಯಹೊರಟವನಿಗೆ ಕನ್ನಡವೊಂದೇ ಸಾಲದು. ಹಳಿಯಾಳದ ಕಡೆ ಮರಾಠಿ, ಜೋಯಿಡಾದಲ್ಲಿ ಕೊಂಕಣಿ, ಪಟ್ಟಣಗಳಲ್ಲಿ ಬಲದಿಂದ ಎಡಕ್ಕೆ ಬರೆಯುವ ಉರ್ದು. ಮುಂಡಗೋಡದಲ್ಲಿ ೧೯೬೬ರಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ನೆಲೆಗೊಂಡಿತು. ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಅಲ್ಲಿ ಪುನಃಸ್ಥಾಪನೆಗೊಂಡವು. ಗ್ರಂಥಗಳೇ ಪ್ರಾಣವಾಗಿರುವ ಆ ಸಮಾಜದ ಲಿಪಿಯಲ್ಲಿ ಅಕ್ಷರಗಳು ಒಂದರ ಕೆಳಗೊಂದು ಪೇರಿಸಿಕೊಂಡು ನಿಲ್ಲುತ್ತವೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಟಿಬೆಟನ್ ಲಿಪಿಗೆ ಕೊಟ್ಟ ಸ್ಥಾನವನ್ನು ೧೯೯೩ರಲ್ಲಿ ಹಿಂದಕ್ಕೆ ಪಡೆದು, ೧೯೯೬ರಲ್ಲಿ ಹೊಸ ರೀತಿಯಲ್ಲಿ ಸೇರಿಸಲಾಯಿತು. ವಿಂಡೋಸಿನೊಡನೆ ಟಿಬೆಟನ್ ಫಾಂಟು ಬಂದುದು ೨೦೦೭ರಲ್ಲಿ ಜನರ ಕೈಸೇರಿದ ವಿಸ್ಟಾ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಗಣಕಕ್ಕೆ ಏರಿಸಿದ ಟಿಬೆಟನ್ ಗ್ರಂಥಗಳಿಗೂ ನಮ್ಮ ಕನ್ನಡದಂತೆಯೇ ಖಾಸಗಿ ಸಂಕೇತಗಳೇ ಗತಿಯಾಗಿದ್ದವು.

ಕಾಡಿನ ಮೊಬೈಲು, ಕಚೇರಿಯ ಗಣಕ

ಅಕ್ಷರದಂತೆ ಅಂಕಿಗೂ ಒಪ್ಪಂದ ಬೇಕು. ಜೋಯಿಡಾ ಮತ್ತು ದಾಂಡೇಲಿಯ ಕಾಡುಗಳಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಹಬ್ಬಿದೆ. ಭಾರತದ ಹುಲಿ ಸಂರಕ್ಷಿತ ಪ್ರದೇಶಗಳ ಗಸ್ತಿಗಾಗಿ ೨೦೧೦ರಲ್ಲಿ ‘ಎಂ-ಸ್ಟ್ರೈಪ್ಸ್’ ಎಂಬ ವ್ಯವಸ್ಥೆಯನ್ನು ಆರಂಭಿಸಲಾಯಿತು. ೨೦೧೮ರ ಅಖಿಲ ಭಾರತ ಹುಲಿ ಅಂದಾಜಿನಲ್ಲಿ ಅದರ ಮೊಬೈಲ್ ಆಪನ್ನು ಬಳಸಿದರು. ಕಾಡಿನಲ್ಲಿ ಕಂಡ ಹೆಜ್ಜೆಯ ಸ್ಥಳವನ್ನು ಮೊಬೈಲು ಬರೆದುಕೊಳ್ಳುತ್ತದೆ. ವಿಶ್ಲೇಷಣೆ ಕಚೇರಿಯ ಗಣಕದಲ್ಲಿ ನಡೆಯುತ್ತದೆ. ಇಂತಹ ಯಾವುದೇ ಜೋಡಿಯಲ್ಲಿ ಎರಡು ಯಂತ್ರಗಳ ನಡುವೆ ಒಡಂಬಡಿಕೆ ತಪ್ಪಿದರೆ ಏನಾದೀತೆಂಬುದನ್ನು ಲೆಕ್ಕಹಾಕಿ ನೋಡೋಣ.

ಒಂದು ಯಂತ್ರವು ಅಕ್ಷಾಂಶವನ್ನು ೧೫.೨೫ ಎಂದು ಬರೆಯಿತೆನ್ನಿ. ದಶಮಾಂಶದ ರೀತಿಯಲ್ಲಿ ಅದು ಹದಿನೈದೂಕಾಲು ಡಿಗ್ರಿ, ಎಂದರೆ ೧೫ ಡಿಗ್ರಿ ೧೫ ಮಿನಿಟು. ಇನ್ನೊಂದು ಯಂತ್ರವು ಅದನ್ನು ೧೫ ಡಿಗ್ರಿ ೨೫ ಮಿನಿಟು ಎಂದು ಓದಿತು. ವ್ಯತ್ಯಾಸ ಹತ್ತು ಮಿನಿಟು. ಅಕ್ಷಾಂಶದ ಒಂದು ಮಿನಿಟಿಗೆ ನೆಲದ ಮೇಲೆ ಸುಮಾರು ೧.೮೫ ಕಿಲೋಮೀಟರು, ಆದ್ದರಿಂದ ಹುಲಿಯ ಹೆಜ್ಜೆಯು ನಕಾಶೆಯಲ್ಲಿ ಸುಮಾರು ಹದಿನೆಂಟೂವರೆ ಕಿಲೋಮೀಟರು ಉತ್ತರಕ್ಕೆ ಜಿಗಿಯುತ್ತದೆ. ತೇದಿಯ ಕಥೆಯೂ ಹೀಗೆಯೇ: ೩-೪ ಎಂದರೆ ನಮಗೆ ಏಪ್ರಿಲ್ ಮೂರು, ಅಮೆರಿಕದ ಕ್ರಮಕ್ಕೆ ಹೊಂದಿಸಿದ ಗಣಕಕ್ಕೆ ಮಾರ್ಚ್ ನಾಲ್ಕು. ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಅಂತಾರಾಷ್ಟ್ರೀಯ ನಿಯಮವಾಗಿ ೧೯೮೮ರಲ್ಲಿ ಗೊತ್ತುಪಡಿಸಿದ್ದು ಈ ಗೊಂದಲವನ್ನು ನೀಗಲೆಂದೇ. ಇಂತಹ ತಪ್ಪುಗಳಲ್ಲಿ ತಂತ್ರಾಂಶ ನಿಲ್ಲುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಆದುದರಿಂದಲೇ ಅವು ಹೆಚ್ಚು ಅಪಾಯಕರ.

ಹೊಂದಿಸುವ ಉಪಾಯಗಳು

ಹಾಗಾದರೆ ತಂತ್ರಾಂಶವನ್ನು ಬರೆಯುವವರು ಏನು ಮಾಡುತ್ತಾರೆ? ಅವರ ಮುಖ್ಯ ಉಪಾಯವೆಂದರೆ ತಿರುಳನ್ನೂ ಹೊರಕವಚವನ್ನೂ ಬೇರ್ಪಡಿಸುವುದು. ಲೆಕ್ಕ ಮಾಡುವ, ವಿಂಗಡಿಸುವ, ಹುಡುಕುವ ಭಾಗ ಎಲ್ಲ ಯಂತ್ರಗಳಿಗೂ ಒಂದೇ ಇರಲಿ. ಪರದೆ, ಸ್ಪರ್ಶ, ಕಡತಗಳಿಗೆ ಸಂಬಂಧಿಸಿದ ತೆಳುವಾದ ಭಾಗವನ್ನು ಮಾತ್ರ ಯಂತ್ರಯಂತ್ರಕ್ಕೂ ಬೇರೆಯಾಗಿ ಬರೆಯೋಣ ಎಂಬುದು ಇದರ ಸಾರ. ೧೯೯೫ರಲ್ಲಿ ಬಂದ ಜಾವಾ ಭಾಷೆ, ತನಗೂ ಯಂತ್ರಕ್ಕೂ ನಡುವೆ ಒಂದು ‘ಕಲ್ಪಿತ ಯಂತ್ರ’ವನ್ನು ಇರಿಸಿ ಈ ತತ್ತ್ವವನ್ನು ಜನಪ್ರಿಯಗೊಳಿಸಿತು. ಮೈಕ್ರೋಸಾಫ್ಟಿನ ಡಾಟ್‌ನೆಟ್ ಮೊದಲು ವಿಂಡೋಸಿಗೆ ಕಟ್ಟುಬಿದ್ದಿದ್ದು, ೨೦೧೬ರ ಹೊಸ ರೂಪದಲ್ಲಿ ಇತರ ವ್ಯವಸ್ಥೆಗಳಿಗೂ ತೆರೆದುಕೊಂಡಿತು. ಕ್ಸಾಮರಿನ್, ಫ್ಲಟರ್ ಮೊದಲಾದ ಸಾಧನಗಳು ಒಂದೇ ಬರಹದಿಂದ ಹಲವು ಮೊಬೈಲುಗಳಿಗೆ ಆಪು ಸಿದ್ಧಪಡಿಸಲು ನೆರವಾದವು.

ಆದರೆ ಈ ನಡುವಣ ಪದರಗಳಿಗೂ ಆಯುಸ್ಸಿನ ಮಿತಿಯಿದೆ. ಕ್ಸಾಮರಿನ್‌ಗೆ ಬೆಂಬಲ ೨೦೨೪ರ ಮೇ ತಿಂಗಳಲ್ಲಿ ನಿಂತಿತು. ಅದನ್ನು ನೆಚ್ಚಿದವರು ಅದರ ಉತ್ತರಾಧಿಕಾರಿಗೆ ಸಾಗಬೇಕಾಯಿತು. ಆಂಡ್ರಾಯ್ಡ್ ಆಪುಗಳನ್ನು ವಿಂಡೋಸ್ ೧೧ರಲ್ಲಿ ನಡೆಸಲು ಕಟ್ಟಿದ ವ್ಯವಸ್ಥೆಯೂ ೨೦೨೫ರ ಮಾರ್ಚಿಯಲ್ಲಿ ಕೊನೆಗೊಂಡಿತು. ಸೇತುವೆಗಳು ಬೇಕು, ಆದರೆ ಸೇತುವೆಯನ್ನೇ ನೆಲವೆಂದು ಭಾವಿಸಬಾರದು.

ಉಳಿಯಬೇಕಾದುದು ಯಾವುದು?

ತಂತ್ರಾಂಶ ಸತ್ತರೆ ಇನ್ನೊಂದನ್ನು ಬರೆಯಬಹುದು. ಅದರಲ್ಲಿ ಬರೆದಿಟ್ಟ ಬರಹ ನಷ್ಟವಾದರೆ ಮತ್ತೆ ದೊರೆಯದು. ಕಳೆದ ಎರಡು ಮೂರು ದಶಕಗಳಲ್ಲಿ ಶಾಲೆಗಳ ದಾಖಲೆ, ಸಂಘಗಳ ನಡಾವಳಿ, ಊರಿನ ಇತಿಹಾಸ, ಕವಿಗಳ ಹಸ್ತಪ್ರತಿ ಎಷ್ಟೋ ಹಳೆಯ ಸಂಕೇತದಲ್ಲಿ ಟೈಪಾಗಿ, ಮೂಲೆಯ ಗಣಕಗಳಲ್ಲಿ ಕುಳಿತಿವೆ. ಅವನ್ನು ಯೂನಿಕೋಡಿಗೆ ಮಾರ್ಪಡಿಸುವ ಪರಿವರ್ತಕಗಳು ದೊರೆಯುತ್ತವೆ. ಆದರೆ ಅವುಗಳ ಕೆಲಸ ಸುಲಭವಲ್ಲ. ‘ಸೂರ್ಯ’ ಎಂಬಲ್ಲಿ ಹಳೆಯ ಸಂಕೇತವು ಕಣ್ಣಿಗೆ ಕಾಣುವಂತೆ ಯಕಾರದ ನಂತರ ಅರ್ಕಾವತ್ತನ್ನು ಇಡುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರವೇ ಮೊದಲು. ಪರಿವರ್ತಕವು ಕ್ರಮವನ್ನೇ ತಿರುಗಿಸಬೇಕು. ಇನ್ನೂ ದೊಡ್ಡ ಕಷ್ಟವೊಂದಿದೆ. ಅಂಕಪಟ್ಟಿಯೊಂದರಲ್ಲಿ ಕನ್ನಡವೂ ಇಂಗ್ಲಿಷೂ ಬೆರೆತಿದ್ದರೆ, ೮೦ ಎಂಬ ಸಂಖ್ಯೆ ಕಕಾರದ ಒಡಲೋ ನಿಜವಾದ ‘ಪಿ’ಯೋ ಎಂಬುದನ್ನು ಫಾಂಟಿನ ಹೆಸರಲ್ಲದೆ ಬೇರಾವುದೂ ಹೇಳಲಾರದು. ಕಡತವನ್ನು ಬರಿಯ ಪಠ್ಯವಾಗಿ ಉಳಿಸಿದಾಗ ಆ ಹೆಸರೇ ಅಳಿಸಿಹೋಗುತ್ತದೆ.

ಆದುದರಿಂದ ಕೆಟ್ಟಂತೆ ಕಾಣುವ ಕನ್ನಡ ಕಡತವನ್ನು ಕಂಡಾಗ ಲಕ್ಷಣವನ್ನು ನೋಡಿ ರೋಗವನ್ನು ತಿಳಿಯಬೇಕು. ಅಕ್ಷರಗಳ ಬದಲು ಬರಿಯ ಚೌಕಗಳು ಕಂಡರೆ, ಹೆಚ್ಚಾಗಿ ಸಂಖ್ಯೆಗಳು ಸರಿಯಾಗಿವೆ, ಫಾಂಟು ಮಾತ್ರ ಇಲ್ಲ, ಭಯವಿಲ್ಲ. ಓರೆಗೆರೆ ಹೊತ್ತ ರೋಮನ್ ಅಕ್ಷರಗಳು ಕಂಡರೆ, ಸಂಖ್ಯೆಗಳನ್ನು ಬೇರೊಂದು ಒಪ್ಪಂದದಂತೆ ಓದಲಾಗುತ್ತಿದೆ. ಮೂಲ ಸಂಕೇತ ತಿಳಿದರೆ ಬರಹವನ್ನು ಉಳಿಸಿಕೊಳ್ಳಬಹುದು. ಸಾಲು ಸಾಲಾಗಿ ಪ್ರಶ್ನಚಿಹ್ನೆಗಳು ಕಂಡರೆ ಮಾತ್ರ ಚಿಂತಿಸಬೇಕು. ವಿಂಡೋಸಿನ ನೋಟ್‌ಪ್ಯಾಡ್ ೨೦೧೯ರವರೆಗೆ ತಾನಾಗಿ ಆರಿಸಿಕೊಳ್ಳುತ್ತಿದ್ದುದು ಹಳೆಯ ಸಂಕೇತವನ್ನು. ಅದರ ಎಚ್ಚರಿಕೆಯನ್ನು ಕಡೆಗಣಿಸಿ ಯೂನಿಕೋಡ್ ಕನ್ನಡವನ್ನು ಉಳಿಸಿದರೆ, ‘ಕನ್ನಡ’ದ ಐದು ಸಂಖ್ಯೆಗಳೂ ಅಳಿದು ಐದು ಪ್ರಶ್ನಚಿಹ್ನೆಗಳಾಗುತ್ತಿದ್ದವು. ಅಲ್ಲಿ ಮಾಹಿತಿಯೇ ನಾಶವಾಗಿದೆ. ಯಾವ ಪರಿವರ್ತಕವೂ ಅದನ್ನು ಮರಳಿ ತರಲಾರದು.

ನಿಮ್ಮ ಶಾಲೆಯಲ್ಲಿಯೋ ಮನೆಯಲ್ಲಿಯೋ ಇಂತಹ ಹಳೆಯ ಕಡತಗಳಿದ್ದರೆ, ಮೂಲವನ್ನು ಮುಟ್ಟದೆ ಅದರ ಪ್ರತಿಯೊಂದನ್ನು ತೆಗೆದುಕೊಳ್ಳಿರಿ. ಅದನ್ನು ಟೈಪು ಮಾಡಿದ ತಂತ್ರಾಂಶ ಮತ್ತು ಫಾಂಟಿನ ಹೆಸರನ್ನು ಬರೆದಿಡಿರಿ. ಪ್ರತಿಯನ್ನು ಯೂನಿಕೋಡಿಗೆ ಪರಿವರ್ತಿಸಿ, ಯುಟಿಎಫ್-೮ ಎಂಬ ಕ್ರಮದಲ್ಲಿ ಉಳಿಸಿರಿ. ಬಳಿಕ ಅರ್ಕಾವತ್ತು ಬಂದ ಪದಗಳು, ವ್ಯಕ್ತಿಗಳ ಹೆಸರು, ಇಂಗ್ಲಿಷ್ ಬೆರೆತ ಸಾಲುಗಳು, ಅಂಕಿ ಮತ್ತು ತೇದಿಗಳನ್ನು ಮೂಲದೊಡನೆ ಹೋಲಿಸಿ ತಿದ್ದಿರಿ. ನುಡಿಯ ಫಾಂಟು ಇರುವ ಹಳೆಯ ಗಣಕವೊಂದು ಇನ್ನೂ ನಡೆಯುತ್ತಿರುವಾಗಲೇ ಈ ಕೆಲಸ ಆಗಬೇಕು. ಅದು ನಿಂತ ಮೇಲೆ ಮೂಲದೊಡನೆ ಹೋಲಿಸಿ ನೋಡುವ ಕೆಲಸ ಬಹಳ ಕಠಿಣವಾಗುತ್ತದೆ.